ನಿಕಾನೋರ್ ಮೇಸ್ತ್ರಿ ಡಬ್ಬಿಗಳ ದೃಷ್ಟಿ ತೆಗೆದದ್ದು

ನಿಕಾನೋರ್ ಕಿಷ್ಪೆಗೆ ಐವತ್ತಾರು ವರ್ಷ. ಮದುವೆಯಾಗಿಲ್ಲ. ಯಾಕೆ ಮೇಸ್ತ್ರಿ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: “ನಂಗೆ ಸರಿಹೋಗೋ ಬಿಡಿಭಾಗ ಈ ಗುವಲಸೆಯೊ ಊರಲ್ಲಿ ಸಿಗ್ಲಿಲ್ಲ. ಕ್ವೆಂಕಾ ಪಟ್ಟಣಕ್ಕೆ ಹೋಗಿ ಕೇಳಿದ್ರೆ, ಆ ಮಾಡೆಲ್ಲು ಬರೋದು ನಿಂತುಹೋಯ್ತು ಅಂದ್ರು.” ಇಪ್ಪತ್ತು ವರ್ಷದಿಂದ ಇದನ್ನೇ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ, ಆದರೂ ಪ್ರತಿ ಸಲ ನಗು ಬರುತ್ತದೆ. ಸಂತೆ ಕಟ್ಟಡದ ಹಿಂಬಾಗಿಲಲ್ಲಿ ಅವನ ರಿಪೇರಿ ಅಂಗಡಿ. ಅದರ ಎದುರಿಗೆ, ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಚಾಪೆ.

ನಾನು ಸೊಪ್ಪಿನವಳು. ದೆಲ್ಫಿನಾ ನನ್ನ ಹೆಸರು, ಎಲ್ಲರ ಬಾಯಲ್ಲೂ ದೊನ್ಯಾ ದೆಲ್ಫಿನಾ. ಮಂಗಳವಾರ ಮತ್ತು ಶುಕ್ರವಾರ ಜನ ನನ್ನ ಬಳಿ ಬರುತ್ತಾರೆ, ಬೆಚ್ಚಿಬಿದ್ದ ಮಕ್ಕಳನ್ನು ಎತ್ತಿಕೊಂಡು, ಇಲ್ಲವೇ ತಮ್ಮದೇ ಭಾರವಾದ ಮೈಯನ್ನು ಎಳೆದುಕೊಂಡು. ನಾಗದಾಳಿ, ನೀಲಗಿರಿ ಸೊಪ್ಪಿನ ಕಟ್ಟಿನಿಂದ ತಲೆಯಿಂದ ಕಾಲಿನವರೆಗೆ ಬಡಿಯುತ್ತೇನೆ. ಹಸಿ ಮೊಟ್ಟೆಯನ್ನು ಮೈಯೆಲ್ಲ ಸವರುತ್ತೇನೆ. ಕಬ್ಬಿನ ಸಾರಾಯಿಯನ್ನು ಬಾಯಿಗೆ ಹಾಕಿಕೊಂಡು ಮುಖಕ್ಕೆ ಉಗುಳುತ್ತೇನೆ. ಕೊನೆಗೆ ಆ ಮೊಟ್ಟೆಯನ್ನು ಒಂದು ಲೋಟ ನೀರಿಗೆ ಒಡೆದು, ಯಾರ ಕಣ್ಣು ಬಿದ್ದಿದೆ ಎಂದು ನೋಡಿ ಹೇಳುತ್ತೇನೆ. ಇದಕ್ಕೆ ನಮ್ಮಲ್ಲಿ ಲಿಂಪಿಯಾ ಎನ್ನುತ್ತಾರೆ. ನೆಲ ಒರೆಸಿದರೂ ಅದೇ ಮಾತು, ಪಾತ್ರೆ ತೊಳೆದರೂ ಅದೇ ಮಾತು, ದೃಷ್ಟಿ ತೆಗೆದರೂ ಅದೇ ಮಾತು. ಮುಂದೆ ಆದ ಅನಾಹುತಕ್ಕೆಲ್ಲ ಅರ್ಧ ಕಾರಣ ಈ ಒಂದು ಮಾತೇ.

ನಿಕಾನೋರ್ ಮೊದಲು ರೇಡಿಯೋ, ಹೊಲಿಗೆ ಯಂತ್ರದ ಮೋಟಾರು, ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ಊರಿಗೆ ಕಂಪ್ಯೂಟರ್ ಬಂದಾಗ ಅವನಿಗೆ ನಲವತ್ತೈದು ದಾಟಿತ್ತು. ಯಾರೂ ಕಲಿಸಲಿಲ್ಲ. ಒಂದು ಕೆಟ್ಟ ಕಂಪ್ಯೂಟರ್ ಡಬ್ಬಿಯನ್ನು ಕೊಂಡು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ತಿಂಗಳುಗಟ್ಟಲೆ ಅದರೊಂದಿಗೇ ಮಾತಾಡಿಕೊಂಡು ಕಲಿತ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಡಬ್ಬದ ಮುಚ್ಚಳದಲ್ಲಿ ಸುತ್ತಲೂ ಇಡುತ್ತಾನೆ, ಒಂದು ಆಚೀಚೆಯಾದರೆ ಮೊದಲಿನಿಂದ ಎಣಿಸುತ್ತಾನೆ. ಇಂಥ ನಿಧಾನಕ್ಕೆ ಜನ ಬೈಯುತ್ತಾರೆ. ಆದರೆ ಅವನ ಕೈಯಿಂದ ಹೋದ ಸಾಮಾನು ಅದೇ ದೋಷಕ್ಕೆ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ.

ಆರು ವರ್ಷದ ಹಿಂದೆ ಅವನು ಕ್ವೆಂಕಾದಿಂದ ಒಂದು ಡಿಸ್ಕ್ ತಂದ. ಕಂಪ್ಯೂಟರಿನ ರಿಜಿಸ್ಟ್ರಿ ಎಂಬುದನ್ನು ಶುದ್ಧ ಮಾಡುವ ಪ್ರೋಗ್ರಾಂ ಅದು. ಹಾಕಿದ ಕೂಡಲೇ ಪರದೆಯ ಮೇಲೆ ಕೆಂಪು ಸಾಲುಗಳು ಬುಳಬುಳನೆ ಏಳುತ್ತವೆ: ಸಾವಿರದ ಮುನ್ನೂರ ನಲವತ್ತೇಳು ದೋಷಗಳು! ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಲಿಂಪಿಯಾರ್’, ಶುದ್ಧ ಮಾಡು, ಎಂಬ ಗುಂಡಿ. ಒತ್ತಿದರೆ ಸಂಖ್ಯೆ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ನಿಂತು, ಹಸಿರು ಗುರುತು ಬೀಳುತ್ತದೆ. ಮೊದಲ ಸಲ ಅದನ್ನು ನೋಡಿದ ಮೀನು ಮಾರುವವಳು ಶಿಲುಬೆಯ ಗುರುತು ಹಾಕಿಕೊಂಡಳು. ಒಂದು ತಿಂಗಳೊಳಗೆ ಊರಿಗೆಲ್ಲ ಸುದ್ದಿ: ಮೇಸ್ತ್ರಿ ಕಂಪ್ಯೂಟರಿಗೆ ಲಿಂಪಿಯಾ ಮಾಡುತ್ತಾನೆ.

ಲಿಂಪಿಯಾ ಎಂದ ಮೇಲೆ ಬೇರೆ ದಿನ ನಾಟುತ್ತದೆಯೇ? ಜನ ಡಬ್ಬಿಗಳನ್ನು ಮಂಗಳವಾರ, ಶುಕ್ರವಾರ ಮಾತ್ರ ತರತೊಡಗಿದರು. ಹೆಂಗಸರು ಶಾಲಿನಲ್ಲಿ ಕಟ್ಟಿ ಕೂಸಿನ ಹಾಗೆ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದರು. ನನ್ನ ಮುಂದೆ ಒಂದು ಸಾಲು, ಅವನ ಮುಂದೆ ಒಂದು ಸಾಲು.

“ಏನ್ ಮೇಸ್ತ್ರಿ, ನನ್ ಹೊಟ್ಟೆ ಮೇಲೆ ಹೊಡೀತಾ ಇದ್ದೀಯ?” ಎಂದು ನಾನು ಕೂಗಿ ಕೇಳುತ್ತಿದ್ದೆ.

“ನಿಮ್ಗೆ ಸೊಪ್ಪಿನ ಖರ್ಚಿದೆ ದೊನ್ಯಾ, ನಂಗೆ ಅದೂ ಇಲ್ಲ,” ಎನ್ನುತ್ತಿದ್ದ.

ಒಂದು ವಿಷಯ ಹೇಳಲೇಬೇಕು. ಡಿಸ್ಕ್ ಹಾಕುವ ಮೊದಲು ಅವನು ಪ್ರತಿ ಡಬ್ಬಿಯನ್ನೂ ಬಿಚ್ಚಿ ಬ್ರಶ್ಶಿನಿಂದ ಒಳಗೆಲ್ಲ ಗುಡಿಸುತ್ತಿದ್ದ. ನಮ್ಮ ಮನೆಗಳಲ್ಲಿ ಅಡುಗೆಮನೆಯಲ್ಲೇ ಗಿನಿಹಂದಿ ಸಾಕುತ್ತೇವೆ, ಅಲ್ಲೇ ಒಲೆ, ಅಲ್ಲೇ ಎಲ್ಲ. ಅವುಗಳ ಕೂದಲು, ಒಲೆಯ ಮಸಿ ಸೇರಿ ಒಳಗಿನ ಫ್ಯಾನಿನ ಮೇಲೆ ಕಂಬಳಿಯಂತೆ ಕೂತಿರುತ್ತಿತ್ತು. ಅದನ್ನು ತೆಗೆಯುವಾಗ ಯಾರೂ ನಿಂತು ನೋಡುತ್ತಿರಲಿಲ್ಲ, ಜೋಳದ ಪಾಯಸ ಕುಡಿಯಲು ಹೋಗುತ್ತಿದ್ದರು. ಕೆಂಪು ಸಾಲು ಏಳುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದರು. ಮನೆಗೆ ಹೋದಮೇಲೆ ಡಬ್ಬಿ ಚುರುಕಾಗಿ ಓಡಿದರೆ ಹೊಗಳಿಕೆಯೆಲ್ಲ ಡಿಸ್ಕಿಗೆ. ನಿಕಾನೋರ್ ಕೂಡ ಹಾಗೇ ನಂಬಿದ್ದ. ಅವನು ಮೋಸಗಾರನಲ್ಲ. ಮೋಸ ಮಾಡುವವನಾಗಿದ್ದರೆ ಇದನ್ನು ನಾನು ಬರೆಯುತ್ತಲೇ ಇರಲಿಲ್ಲ.

ಲುಕ್ರೇಸಿಯಾ ಕಸೂತಿಯವಳು. ಅವಳ ಮಗಳ ಜ್ಞಾನಸ್ನಾನಕ್ಕೆ ಕೂಸನ್ನು ಎತ್ತಿಕೊಂಡು ನಿಂತವಳು ನಾನು, ಆದ್ದರಿಂದ ಅವಳಿಗೆ ನಾನು ಕೊಮಾದ್ರೆ. ಅವಳೂ ಅವಳ ಅಕ್ಕ ಎತೆಲ್ವಿನಾಳೂ ಸೇರಿ ಎಂಟು ವರ್ಷದ ಹಿಂದೆ ಗುವಾಯಾಕಿಲ್‌ನಿಂದ ಒಂದು ಕಸೂತಿ ಯಂತ್ರ ತಂದಿದ್ದರು. ಕಂಪ್ಯೂಟರಿನಲ್ಲಿ ಹೂವು ಬರೆದರೆ ಅದು ಲಂಗದ ಅಂಚಿಗೆ ಹೊಲಿದುಕೊಡುತ್ತದೆ. ಆಮೇಲೆ ಎತೆಲ್ವಿನಾಗೆ ಕೈಮಗ್ಗದ ಕಡೆಗೇ ಮನಸ್ಸು ಎಳೆದು ಅವಳು ಶಾಲು ನೇಯತೊಡಗಿದಳು, ಯಂತ್ರ ತಂಗಿಯ ಮನೆಯಲ್ಲಿ ಉಳಿಯಿತು. ಜಗಳವೇನೂ ಇರಲಿಲ್ಲ. ಮನೆಗಳು ಎದುರುಬದುರು. ಒಬ್ಬಳ ಮನೆಯಲ್ಲಿ ಉಪ್ಪು ಮುಗಿದರೆ ಇನ್ನೊಬ್ಬಳು ಕಿಟಕಿಯಿಂದಲೇ ಎಸೆಯುತ್ತಿದ್ದಳು.

ಹೋದ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನದ ಬಾಲಯೇಸುವಿನ ಮೆರವಣಿಗೆಗೆ ಲುಕ್ರೇಸಿಯಾ ಮೂವತ್ತು ಮಕ್ಕಳ ಲಂಗ ಒಪ್ಪಿಕೊಂಡಿದ್ದಳು. ಡಿಸೆಂಬರ್ ಮೊದಲ ವಾರ, ಹನ್ನೊಂದು ಮುಗಿದಿದ್ದವು. ಕಂಪ್ಯೂಟರ್ ಮುದಿ ಕತ್ತೆಯ ಹಾಗೆ ನಿಂತು ನಿಂತು ನಡೆಯುತ್ತಿದೆ ಎಂದು ಶುಕ್ರವಾರ ಡಬ್ಬಿಯನ್ನಷ್ಟೇ ನಿಕಾನೋರನ ಬಳಿ ತಂದಳು. ಎರಡು ಸಾವಿರದ ಹದಿನಾರು ದೋಷಗಳು ಎದ್ದವು. ಸೊನ್ನೆಗೆ ಇಳಿದವು. ಅವಳು ಕೈಚಪ್ಪಾಳೆ ತಟ್ಟಿ, ಡಬ್ಬಿ ಹೊತ್ತುಕೊಂಡು ಹೋದಳು.

ಶನಿವಾರ ಯಂತ್ರಕ್ಕೆ ಜೋಡಿಸಿದರೆ ಕಸೂತಿ ಪ್ರೋಗ್ರಾಂ ತೆರೆಯಲೊಲ್ಲದು. ಪರವಾನಗಿ ಇಲ್ಲ, ಯಂತ್ರ ಇಲ್ಲ, ಎಂದಷ್ಟೇ ಬರೆದು ಮುಚ್ಚಿಕೊಳ್ಳುತ್ತದೆ. ಯಂತ್ರವೋ ಪಕ್ಕದಲ್ಲೇ ಕೂತಿದೆ!

ಬೇರೆ ಊರಿನವಳಾಗಿದ್ದರೆ ನೇರವಾಗಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿಯುತ್ತಿದ್ದಳು. ನಮ್ಮ ಲುಕ್ರೇಸಿಯಾ ಮಂಗಳವಾರ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದದ್ದು ನನ್ನ ಚಾಪೆಗೆ.

“ಕೊಮಾದ್ರೆ, ಇದಕ್ಕೆ ಕಣ್ಣು ಬಿದ್ದಿದೆ. ತೆಗೀರಿ,” ಎಂದಳು.

“ಮೇಸ್ತ್ರೀನ ಕೇಳಿದ್ಯಾ?”

“ಅವ್ರು ಲಿಂಪಿಯಾ ಮಾಡಿದ್ದನ್ನ ನನ್ ಕಣ್ಣಾರೆ ನೋಡಿದೀನಿ. ಸೊನ್ನೆ ಬಂತು, ಹಸಿರು ಬಂತು. ಶುದ್ಧವಾಗಿ ಹೋದದ್ದು ಮನೇಲಿ ಕೆಟ್ಟಿತು ಅಂದ್ರೆ ಕೆಡಿಸ್ದೋರು ಮನೆ ಹತ್ರದೋರೇ ತಾನೆ?”

ಮೂವತ್ತೆರಡು ವರ್ಷದ ಕಸುಬಿನಲ್ಲಿ ಹಸುವಿಗೆ, ಬಸ್ಸಿಗೆ, ಒಂದು ಸಲ ಬ್ರೆಡ್ಡಿನ ಒಲೆಗೂ ಲಿಂಪಿಯಾ ಮಾಡಿದ್ದೇನೆ. ಡಬ್ಬಿಗೆ ಯಾಕೆ ಮಾಡಬಾರದು? ಸೊಪ್ಪಿನ ಕಟ್ಟಿನಿಂದ ನಾಲ್ಕೂ ಕಡೆ ಬಡಿದೆ. ಸಾರಾಯಿ ಬಾಯಿಗೆ ಹಾಕಿಕೊಂಡದ್ದೇ ತಡ, ಎದುರಿನಿಂದ ನಿಕಾನೋರ್ ಓಡಿಬಂದ.

“ಉಗುಳ್ಬೇಡಿ ದೊನ್ಯಾ! ಒಳಗೆ ಹೋದ್ರೆ ಸುಟ್ಟುಹೋಗುತ್ತೆ!”

ಬಾಯಲ್ಲಿದ್ದದ್ದನ್ನು ನುಂಗಿದೆ. ಸಂತೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಮೊಟ್ಟೆಯನ್ನು ಲುಕ್ರೇಸಿಯಾಳ ಮೈಗೆ ಸವರಿ ಲೋಟಕ್ಕೆ ಒಡೆದೆ. ಬಿಳಿಯ ಎಳೆಗಳು ಮೇಲೆದ್ದು ನಿಂತವು. ಯಾವಾಗಲೂ ಏಳುತ್ತವೆ, ಮೊಟ್ಟೆಯ ಲೋಳೆ ನೀರಿಗೆ ಬಿದ್ದರೆ ಮತ್ತೇನು ಮಾಡೀತು? ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ.

“ಹತ್ತಿರದ ಹೆಂಗ್ಸು. ನಿನ್ ಕೆಲ್ಸ ಬಲ್ಲೋಳು.”

ಲುಕ್ರೇಸಿಯಾಳ ಮುಖ ಬಿಳಿಚಿಕೊಂಡಿತು. “ಎತೆಲ್ವಿನಾ,” ಎಂದಳು. “ಶುಕ್ರವಾರ ಸಂಜೆ, ಡಬ್ಬಿ ಮನೆಗೆ ತಂದ್ಮೇಲೆ ಬಂದಿದ್ಳು. ಎಷ್ಟ್ ಚೆನ್ನಾಗಿ ಹೊಲಿಯುತ್ತೇ ನಿನ್ ಯಂತ್ರ ಅಂದ್ಳು. ಮುಟ್ಟದೇ ಅಂದ್ಳು ಕೊಮಾದ್ರೆ! ಕೈಯಿಂದ ಮುಟ್ಟದೇ ಹೊಗಳಿದ್ಳು!”

ನಮ್ಮಲ್ಲಿ ಏನನ್ನಾದರೂ ಮೆಚ್ಚಿದರೆ ಕೈಯಿಂದ ಮುಟ್ಟಿ ಮೆಚ್ಚಬೇಕು, ಇಲ್ಲವಾದರೆ ಕಣ್ಣು ತಾಗುತ್ತದೆ. ಎತೆಲ್ವಿನಾ ಆಗ ಕೈಯಲ್ಲಿ ಬಣ್ಣದ ನೂಲು ಹಿಡಿದಿದ್ದಳಂತೆ, ಬೆರಳೆಲ್ಲ ನೀಲಿ. ಬಿಳಿ ಬಟ್ಟೆಗೆ ತಾಗೀತೆಂದು ಮುಟ್ಟಲಿಲ್ಲ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಲೋಟದ ನೀರನ್ನು ಮೋರಿಗೆ ಚೆಲ್ಲಿ ಮುಂದಿನವರನ್ನು ಕರೆದೆ.

ಸುದ್ದಿ ಹಬ್ಬಲು ಮೂರು ದಿನ ಸಾಕಾಯಿತು. ನಮ್ಮ ಊರಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಬಾಯಿಬಿಟ್ಟು ಬೈಯುವುದೂ ಕಡಿಮೆ. ಎತೆಲ್ವಿನಾ ಬಂದರೆ ತಾಯಂದಿರು ಕೂಸಿನ ಮುಖಕ್ಕೆ ಶಾಲು ಎಳೆಯುತ್ತಿದ್ದರು, ಅಷ್ಟೇ. ತರಕಾರಿಯವಳು ಅವಳ ಕಣ್ಣೆದುರಿಗೆ ಟೊಮೇಟೊ ಮುಚ್ಚಿದಳು. ಲುಕ್ರೇಸಿಯಾಳ ಮಗಳು, ನಾನು ಎತ್ತಿ ಆಡಿಸಿದವಳು, ದೊಡ್ಡಮ್ಮನನ್ನು ಕಂಡು ರಸ್ತೆಯ ಆಚೆ ಬದಿಗೆ ಹೋದಳು. ಎತೆಲ್ವಿನಾ ಬಾಗಿಲು ಹಾಕಿಕೊಂಡು ಒಳಗೆ ಉಳಿದಳು. ಮಗ್ಗದ ಸದ್ದೂ ನಿಂತಿತು. ನಾನು ಆ ಬೀದಿ ಬಿಟ್ಟು ಸುತ್ತುಹಾಕಿ ಮನೆಗೆ ಹೋಗತೊಡಗಿದೆ. ಆದರೂ ನಾನು ಹೆಸರು ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ಡಬ್ಬಿಯನ್ನು ಲುಕ್ರೇಸಿಯಾ ಅದೇ ಮಂಗಳವಾರ ನಿಕಾನೋರನ ಬಳಿಯೂ ಬಿಟ್ಟುಹೋಗಿದ್ದಳು, “ಕಣ್ಣು ತೆಗ್ಸಾಯ್ತು, ನೀವೂ ಒಂದ್ ಸಲ ನೋಡ್ಬಿಡಿ,” ಎಂದು. ಅವನು ಅದರ ಮುಂದೆ ಒಂದು ವಾರ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ, ನಾನೇ ಬೇಯಿಸಿದ ಜೋಳ, ಚೀಸು ಒಂದು ತಟ್ಟೆಯಲ್ಲಿ ತಂದಿಡುತ್ತಿದ್ದೆ. ಮುಂದಿನ ಮಂಗಳವಾರ ಬೆಳಿಗ್ಗೆ, ನಾನಿನ್ನೂ ಚಾಪೆ ಹಾಸುತ್ತಿರುವಾಗಲೇ ಕರೆದ.

“ದೊನ್ಯಾ, ಇಲ್ ಬನ್ನಿ. ಒಂದ್ ನಿಮಿಷ.”

ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಶಾಲೆಯವರು ತರಿಸಿ, ಜೋಡಿಸಿಕೊಡು ಎಂದು ಕಳಿಸಿದ್ದು. ರಟ್ಟಿನ ಪೆಟ್ಟಿಗೆ ಕಾಲ ಬಳಿ ಬಿದ್ದಿತ್ತು.

“ಇದನ್ನ ಈಗ ತಾನೇ ಬಿಚ್ಚಿದ್ದು. ಯಾರೂ ಮುಟ್ಟಿಲ್ಲ. ನೋಡಿ,” ಎಂದು ಡಿಸ್ಕ್ ಹಾಕಿದ.

ಕೆಂಪು ಸಾಲುಗಳು ಬುಳಬುಳನೆ ಎದ್ದವು. ನಾನೂರ ಹನ್ನೆರಡು ದೋಷಗಳು.

“ಹುಟ್ಟಿ ಕಣ್ಣು ಬಿಟ್ಟಿಲ್ಲ, ಆಗ್ಲೇ ನಾನೂರ ಹನ್ನೆರಡು ಪಾಪವೇ?” ಎಂದೆ.

ಅವನು ನಗಲಿಲ್ಲ. “ಇನ್ನೊಂದು ಇದೆ. ಡಿಸ್ಕ್ ಹಾಕೋಕ್ ಮುಂಚೆ ಒಂದ್ ಹಳೇ ಡಬ್ಬಿ ಏಳೋಕೆ ಎಷ್ಟು ಹೊತ್ತು ಹಿಡೀತು ಅಂತ ಕೈಗಡಿಯಾರ ಹಿಡ್ಕೊಂಡ್ ನೋಡ್ದೆ. ಒಂದು ನಿಮಿಷ ಐವತ್ತೆರಡು ಸೆಕೆಂಡು. ಡಿಸ್ಕ್ ಹಾಕಿ, ಸೊನ್ನೆ ಮಾಡಿ, ಮತ್ತೆ ನೋಡ್ದೆ. ಒಂದು ನಿಮಿಷ ಐವತ್ತೆರಡು. ಬ್ರಶ್ ಹಾಕಿ ಗುಡ್ಸಿ, ಬೇಡದ ಪ್ರೋಗ್ರಾಂ ನಾಲ್ಕು ತೆಗ್ದ್ ಮೇಲೆ ಒಂದು ನಿಮಿಷಕ್ಕೆ ಎದ್ದುಬಿಡ್ತು. ಆರು ವರ್ಷದಿಂದ ಓಡಿಸ್ತಿದ್ದದ್ದು ಬ್ರಶ್ಶು ದೊನ್ಯಾ. ಡಿಸ್ಕ್ ಏನೂ ಮಾಡ್ತಿರ್ಲಿಲ್ಲ.”

“ಏನೂ ಮಾಡ್ದೇ ಇದ್ರೆ ಬಿಡು, ಯಾರಿಗೇನ್ ನಷ್ಟ?”

“ಲುಕ್ರೇಸಿಯಾ ಡಬ್ಬೀಲಿ ಮಾಡಿದೆ.”

ಅವನು ನನಗೆ ತಿಳಿಯುವ ಹಾಗೆ ಹೇಳಿದ. ರಿಜಿಸ್ಟ್ರಿ ಅಂದರೆ ಕಸದ ತೊಟ್ಟಿಯಲ್ಲವಂತೆ. ಹುಟ್ಟು ಸಾವು ಬರೆಯುವ ಕಚೇರಿಯ ಪುಸ್ತಕವಿದೆಯಲ್ಲ, ಅಂಥದ್ದಂತೆ. ಯಾವ ಪ್ರೋಗ್ರಾಂ ಎಲ್ಲಿದೆ, ಯಾವ ಯಂತ್ರ ಯಾರದ್ದು, ಎಲ್ಲ ಕಂಪ್ಯೂಟರ್ ತನಗೋಸ್ಕರ ಬರೆದಿಟ್ಟುಕೊಳ್ಳುತ್ತದೆ.

“ಸತ್ತೋರ ಹೆಸರು ಪುಸ್ತಕದಲ್ಲಿ ಸಾವಿರ ಇದ್ರೂ ಕಚೇರಿ ನಿಧಾನ ಆಗಲ್ಲ. ಯಾರೂ ಆ ಪುಟ ತೆರೆಯೋದೇ ಇಲ್ಲ. ಆದ್ರೆ ಬದುಕಿರೋ ಒಬ್ಬನ ಹೆಸರು ಹೊಡೆದುಹಾಕಿದ್ರೆ? ಅವ್ನು ಏನೋ ಕಾಗದಕ್ಕೆ ಹೋದ ದಿನ ಗೊತ್ತಾಗುತ್ತೆ, ನೀನು ಇಲ್ಲ ಅಂತಾರೆ. ಅವತ್ತು ಅವ್ಳು ಡಬ್ಬಿ ಮಾತ್ರ ತಂದಿದ್ಳು, ಕಸೂತಿ ಯಂತ್ರ ಮನೇಲಿತ್ತು. ಡಿಸ್ಕು ಹೆಸರು ಕೂಗ್ತು, ಯಾರೂ ಓ ಅನ್ಲಿಲ್ಲ. ಸತ್ತಿದೆ ಅಂತ ಬರೆದು ಅಳಿಸಿಬಿಡ್ತು, ಅದ್ರ ಜೊತೆ ಪರವಾನಗೀನೂ.”

“ಅಳಿಸಿದ್ದನ್ನ ವಾಪಸ್ ತರೋಕಾಗಲ್ವಾ?”

“ಅಳಿಸೋಕೆ ಮುಂಚೆ ಅದು ಕೇಳ್ತು, ಒಂದ್ ನಕಲು ಇಟ್ಕೊಳ್ಲಾ ಅಂತ.” ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. “ಕಸ ಯಾಕ್ ಇಟ್ಕೊಳ್ಳೋದು ಅಂತ ನಾನೇ ಬೇಡ ಅಂದೆ.”

ಉಳಿದದ್ದು ಒಂದೇ ದಾರಿ. ಯಂತ್ರ ಕೊಂಡಾಗ ಬಂದ ಕಾಗದದಲ್ಲಿ ಪರವಾನಗಿಯ ಸಂಖ್ಯೆ ಇರುತ್ತದೆ, ಅದನ್ನು ಮತ್ತೆ ಬರೆದುಕೊಡಬೇಕು. ಗುವಾಯಾಕಿಲ್‌ನ ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಕಾಗದ ಎಲ್ಲಿದೆ ಎಂದು ನಿಕಾನೋರ್ ಮೊದಲೇ ವಿಚಾರಿಸಿದ್ದ. ಎತೆಲ್ವಿನಾಳ ಬೀರುವಿನಲ್ಲಿದೆ. ಲುಕ್ರೇಸಿಯಾ ಹೇಳಿದ್ದು ಇಷ್ಟು: ಆ ಮಾಟಗಾತಿಯ ಹೊಸಿಲು ತುಳಿಯುವುದಕ್ಕಿಂತ ಉಳಿದ ಹತ್ತೊಂಬತ್ತು ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ.

ಗುರುವಾರ ನಿಕಾನೋರ್ ತಾನೇ ಹೋದ. ಎತೆಲ್ವಿನಾ ಬಾಗಿಲನ್ನು ಒಂದು ಗೇಣು ತೆರೆದಳಂತೆ. ವಿಷಯವೆಲ್ಲ ಕೇಳಿದಳಂತೆ. “ಕಾಗದ ಇದೆ. ನಿಮ್ಗೆ ಕೊಡಲ್ಲ ಮೇಸ್ತ್ರಿ. ನನ್ನನ್ನ ಮಾಟಗಾತಿ ಅಂದೋಳು ಈ ಬಾಗಿಲಿಗೆ ಬಂದು ಕೇಳ್ಲಿ,” ಎಂದಳಂತೆ. ಅವಳು ಅಳುತ್ತಿರಲಿಲ್ಲ, ಅದೇ ನೋಡಲಾಗಲಿಲ್ಲ ಎಂದ.

ನಾನು ಅವನಿಗೆ ಕೊಟ್ಟ ಬುದ್ಧಿವಾದವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. “ನಾನ್ ಹೋಗಿ ಹೇಗಾದ್ರೂ ಪುಸಲಾಯಿಸಿ ಕಾಗದ ತರ್ತೀನಿ. ನೀನು ಸರಿಮಾಡು. ಯಂತ್ರ ಓಡಿದ್ರೆ ಎಲ್ರೂ ಮರೀತಾರೆ. ಡಿಸ್ಕಿನ ಮಾತು ಯಾರಿಗ್ ಗೊತ್ತಾಗುತ್ತೆ?” ಎಂದೆ.

“ಎತೆಲ್ವಿನಾಗೆ ಗೊತ್ತಲ್ಲ,” ಎಂದ ನಿಕಾನೋರ್. “ಯಂತ್ರ ಓಡಿದ್ರೆ ಜನ ಏನಂತಾರೆ? ಅವ್ಳು ಕಣ್ಣು ವಾಪಸ್ ತಗೊಂಡ್ಳು ಅಂತಾರೆ. ಸಾಯೋವರೆಗೂ ಅವ್ಳು ಮಾಟಗಾತೀನೇ.”

“ನೀನು ಬಾಯ್ಬಿಟ್ರೆ ನಾಳೆಯಿಂದ ನಿನ್ ಅಂಗಡಿಗೆ ನೊಣಾನೂ ಬರಲ್ಲ.”

“ಬ್ರಶ್ಶಿಗೆ ಬರೋರು ಬರ್ಲಿ.”

ಶುಕ್ರವಾರ ಮಧ್ಯಾಹ್ನ ಅವನು ಲುಕ್ರೇಸಿಯಾಳ ಮನೆಗೆ ಡಬ್ಬಿ ಹೊತ್ತುಕೊಂಡು ಹೋದ. ನಾನೂ ಚಾಪೆ ಸುತ್ತಿಟ್ಟು ಹಿಂದೆ ಹೋದೆ. ಶುಕ್ರವಾರ ನಾನು ಚಾಪೆ ಬಿಟ್ಟೆದ್ದದ್ದು ನನ್ನ ಗಂಡ ತೀರಿಕೊಂಡ ದಿನ ಬಿಟ್ಟರೆ ಅಂದೇ. ಅವನು ಡಬ್ಬಿಯನ್ನು ಒಳಗೆ ಇಟ್ಟು, ಲುಕ್ರೇಸಿಯಾಳನ್ನು ರಸ್ತೆಗೆ ಕರೆದು, ಎದುರಿನ ಬಾಗಿಲು ತಟ್ಟಿದ. ಎತೆಲ್ವಿನಾ ಬಂದು ನಿಂತಳು. ತಂಗಿ ಮುಖ ತಿರುಗಿಸಿದಳು. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು.

ನಿಕಾನೋರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ರೇಡಿಯೋ ರಿಪೇರಿಯವನು, ಮಾತಿನ ಮನುಷ್ಯನಲ್ಲ. “ಲುಕ್ರೇಸಿಯಾ, ನಿನ್ ಯಂತ್ರಾನ ಕೆಡಿಸಿದ್ದು ನಾನು,” ಎಂದ. “ಯಾರ ಕಣ್ಣೂ ಅಲ್ಲ. ನನ್ ಲಿಂಪಿಯಾನೇ ಕೆಡಿಸಿದ್ದು. ಆ ಡಿಸ್ಕಿಂದ ಯಾರಿಗೂ ಉಪಯೋಗ ಆಗಿಲ್ಲ, ನಿಂಗೆ ನಷ್ಟಾನೇ ಆಯ್ತು. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಮಾಡಿದ್ದೂ ನಾನೇ ಮಾಡಿದ್ದು.” ಆಮೇಲೆ ಎತೆಲ್ವಿನಾಳ ಕಡೆ ತಿರುಗಿ, “ನಿಮ್ ಹತ್ರ ಕ್ಷಮೆ ಕೇಳ್ತೀನಿ,” ಎಂದ.

ಲುಕ್ರೇಸಿಯಾ ಅವನನ್ನೇ ನೋಡಿದಳು. ಅವಳು ನಂಬಲಿಲ್ಲ. ನಂಬಿದರೆ ಹತ್ತು ದಿನ ತಾನು ಮಾಡಿದ್ದನ್ನು ಎಲ್ಲಿ ಇಡಬೇಕು?

“ನೀವು ಒಳ್ಳೇವ್ರು ಮೇಸ್ತ್ರಿ. ಇವಳನ್ನ ಉಳಿಸೋಕೆ ಮೈಮೇಲೆ ಹಾಕ್ಕೋತಿದೀರ. ಕೊಮಾದ್ರೆ ಮೊಟ್ಟೇಲಿ ನೋಡಿದಾರೆ. ಹೇಳಿ ಕೊಮಾದ್ರೆ, ನೋಡಿದ್ರಿ ತಾನೆ?”

ಎಲ್ಲರೂ ನನ್ನತ್ತ ತಿರುಗಿದರು. ಕಿಟಕಿಗಳಲ್ಲಿದ್ದವರೂ. ಅವರಲ್ಲಿ ಅರ್ಧ ಜನ ನನ್ನ ಮುಂದೆ ಕೂತು ಮೊಟ್ಟೆ ಒಡೆಸಿಕೊಂಡವರು. ಒಂದು ಕ್ಷಣ ನಿಕಾನೋರನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇವನಿಗೇನು, ಒಂದು ಡಿಸ್ಕ್ ಎಸೆದರೆ ಮುಗಿಯಿತು, ನನ್ನದು ಅಮ್ಮ ಕೊಟ್ಟ ಕಸುಬು. ಅವನು ನನ್ನ ಕಡೆ ನೋಡಲೇ ಇಲ್ಲ, ಟೋಪಿಯ ಅಂಚನ್ನು ತಿರುಗಿಸುತ್ತಾ ನೆಲ ನೋಡುತ್ತಿದ್ದ. ಹೇಳಿ ಎಂದು ಕಣ್ಸನ್ನೆ ಮಾಡಿದ್ದರೂ ನಾನು ಸುಳ್ಳು ಹೇಳಿಬಿಡುತ್ತಿದ್ದೆನೇನೋ.

“ಮೊಟ್ಟೇಲಿ ಮೊಟ್ಟೆ ಇತ್ತು ಮಗಳೇ,” ಎಂದೆ. “ಬೇರೇನೂ ಇರ್ಲಿಲ್ಲ.”

ಲುಕ್ರೇಸಿಯಾ ರಸ್ತೆಯ ಮಧ್ಯದಲ್ಲೇ ಕುಸಿದು ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. ಎತೆಲ್ವಿನಾ ಅವಳನ್ನು ಎಬ್ಬಿಸಲಿಲ್ಲ, ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಮಡಿಚಿದ ಒಂದು ಹಳದಿ ಕಾಗದ ಹಿಡಿದು ಹೊರಗೆ ಬಂದು, ತಂಗಿಯ ಪಕ್ಕದಿಂದ ಸರಿದು ನಡೆದು, ನೇರವಾಗಿ ಅವಳ ಮನೆಯೊಳಗೆ ಹೋಗಿ ಕಂಪ್ಯೂಟರಿನ ಪಕ್ಕ ನಿಂತಳು. ಕಾಗದವನ್ನು ಯಾರ ಕೈಗೂ ಕೊಡಲಿಲ್ಲ. ತಾನೇ ಒಂದೊಂದು ಅಕ್ಷರವಾಗಿ ಗಟ್ಟಿಯಾಗಿ ಓದಿದಳು, ನಿಕಾನೋರ್ ಒತ್ತುತ್ತಾ ಹೋದ. ಇಪ್ಪತ್ತೈದು ಅಕ್ಷರ. ನಡುವೆ ಒಂದು ಕಡೆ ಮಡಿಕೆಯಲ್ಲಿ ಅಳಿಸಿಹೋಗಿತ್ತು.

“ಇದು ಮೂರೋ ಎಂಟೋ ಗೊತ್ತಾಗ್ತಿಲ್ಲ,” ಎಂದಳು.

“ಎಂಟು,” ಎಂದಳು ಬಾಗಿಲಲ್ಲಿ ನಿಂತ ಲುಕ್ರೇಸಿಯಾ, ಮೂಗು ಒರೆಸಿಕೊಳ್ಳುತ್ತಾ. “ಅಂಗಡಿಯವ್ನು ಬರೀವಾಗ ನಾವಿಬ್ರೂ ನಕ್ಕಿದ್ವಲ್ಲ ಅಕ್ಕ, ಎಂಟನ್ನ ಕುಂಬಳಕಾಯಿ ಥರ ಬರೀತಾನೆ ಅಂತ.”

ಎತೆಲ್ವಿನಾ ನಗಲಿಲ್ಲ. ಆದರೆ ಎಂಟು ಎಂದೇ ಓದಿದಳು. ಯಂತ್ರ ಗುರ್ ಎಂದಿತು, ಸೂಜಿ ಏಳುತ್ತಾ ಇಳಿಯುತ್ತಾ ಬಿಳಿ ಬಟ್ಟೆಯ ಮೇಲೆ ಒಂದು ಎಸಳು ಮೂಡಿತು. ಉಳಿದ ಹತ್ತೊಂಬತ್ತು ಲಂಗಗಳು ಮೆರವಣಿಗೆಯ ಹಿಂದಿನ ದಿನ ಮುಗಿದವು. ಅಂಚು ಮಡಿಸಿ ಹೊಲಿದವಳು ಎತೆಲ್ವಿನಾ, ಬೆರಳನ್ನು ಮೂರು ಸಲ ಸಾಬೂನಿನಿಂದ ತೊಳೆದುಕೊಂಡು.

ಆ ಶುಕ್ರವಾರ ನಾನು ಹೊರಡುವಾಗ ಎತೆಲ್ವಿನಾ ಬಾಗಿಲವರೆಗೆ ಬಂದಳು.

“ದೊನ್ಯಾ, ಒಂದ್ ಮಾತು ಕೇಳ್ತೀನಿ. ನಂಗಿಂತ ಮುಂಚೆ ಎಷ್ಟ್ ಜನ ಹೀಗೆ ಮಾಟಗಾತಿ ಆದ್ರು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಜನವರಿಯಲ್ಲಿ ನಿಕಾನೋರ್ ಅಂಗಡಿಗೆ ಬೀಗ ಹಾಕಿ ಊರು ಸುತ್ತಿದ. ರಿಪೇರಿಗೆ ಬಂದ ಪ್ರತಿ ಡಬ್ಬಿಗೂ ಅವನು ಮಾಲೀಕರ ಹೆಸರಿನ ಚೀಟಿ ಕಟ್ಟುತ್ತಿದ್ದ, ಆರು ವರ್ಷದ ಚೀಟಿಗಳನ್ನೂ ಒಂದು ತಂತಿಗೆ ಪೋಣಿಸಿಟ್ಟಿದ್ದ. ಒಂದೊಂದೇ ತೆಗೆದು ಆ ಮನೆಗೆ ಹೋಗಿ ಬಾಗಿಲು ತಟ್ಟಿದ. ನಾನು ಲಿಂಪಿಯಾ ಮಾಡಿದ ಮೇಲೆ ನಿಮ್ಮದರಲ್ಲಿ ಏನಾದರೂ ನಿಂತುಹೋಗಿತ್ತೇ, ಯಾರನ್ನಾದರೂ ಬೈದಿರಾ, ಎಂದು ಕೇಳಿದ. ಬಹಳ ಜನ ನಕ್ಕು, ಕಾಫಿ ಕೊಟ್ಟು ಕಳಿಸಿದರು. ಒಂದು ಮನೆಯಲ್ಲಿ ಪ್ರಿಂಟರ್ ಕೆಟ್ಟಿತೆಂದು ಸೊಸೆಗೆ ಒಂದು ವರ್ಷ ಅದನ್ನು ಮುಟ್ಟಗೊಟ್ಟಿರಲಿಲ್ಲ. ನಿಕಾನೋರ್ ಅದನ್ನು ಅಲ್ಲೇ ಕೂತು ಸರಿಮಾಡಿ, ಸೊಸೆಯನ್ನು ಕರೆದು, ಅತ್ತೆಯ ಎದುರಿಗೇ ತಪ್ಪು ತನ್ನದೆಂದು ಹೇಳಿ ಬಂದ. ಈಸ್ಟರ್ ಹೊತ್ತಿಗೆ ತಂತಿ ಬರಿದಾಗಿತ್ತು. ಅಂಗಡಿಗೆ ಮೊದಲಿನ ಅರ್ಧದಷ್ಟೂ ಜನ ಬರುವುದಿಲ್ಲ. ಲಿಂಪಿಯಾ ಬೇಕೆಂದವರು ಚೌಕದ ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಅಲ್ಲಿ ಈಗ ಮೂರು ಸಾವಿರ ದೋಷ ತೋರಿಸುವ ಹೊಸ ಡಿಸ್ಕ್ ಬಂದಿದೆಯಂತೆ.

ಅವನು ಹಾಗೆ ಬಾಗಿಲು ಬಾಗಿಲು ತಟ್ಟುವುದನ್ನು ನೋಡಿ ನನಗೂ ಹೊರಡಬೇಕೆನಿಸಿತು. ಮೊಟ್ಟೆ ಒಡೆಯುವುದನ್ನು ಬಿಟ್ಟಿದ್ದೇನೆ. ಬೆಚ್ಚಿದ ಮಕ್ಕಳಿಗೆ ಸೊಪ್ಪು ಬಡಿದು, ನೆತ್ತಿ ಸವರಿ ಕಳಿಸುತ್ತೇನೆ, ಅಷ್ಟೇ. ಆದರೆ ಎಲ್ಲಿಗೆ ಹೊರಡಲಿ, ಯಾರ ಬಾಗಿಲು ತಟ್ಟಲಿ? ಮೂವತ್ತೆರಡು ವರ್ಷದಲ್ಲಿ ಒಬ್ಬರ ಹೆಸರನ್ನೂ ನಾನು ಹೇಳಿದವಳಲ್ಲ. ಹತ್ತಿರದ ಹೆಂಗಸು ಎಂದೆ. ಹೆಸರನ್ನು ಅವರವರೇ ತಮ್ಮ ಮನೆಗೆ ಹೋಗಿ ಹುಡುಕಿಕೊಂಡರು.